ಮುದುಕಿ, ಜೇನುನೊಣ ಮತ್ತು ಪ್ಯಾರಿಸ್ಸಿನ ಪಂಡಿತರು

ಸುಖವೆಂದರೇನು ಎಂಬುದರ ಬಗ್ಗೆ ಮಧ್ಯಯುಗದ ಪ್ಯಾರಿಸ್ಸಿನ ಪಂಡಿತರು ಹೇಳಿದ್ದನ್ನು ಕುರಿತು ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳಿವು, ಬರೆದುಕೊಂಡು ಹೋಗಿ ಓದಿದ್ದಲ್ಲ. ಕೈಯಲ್ಲೊಂದು ಚೀಟಿ ಇತ್ತು, ಅದರಲ್ಲಿ ಹೆಸರು ಮತ್ತು ಇಸವಿ ಮಾತ್ರ. ಮುಂದಿನ ಸಾಲಿನಲ್ಲಿ ಕೂತಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ಗಂಟೆ ತಲೆ ಎತ್ತದೆ ಬರೆದುಕೊಂಡಿದ್ದಳು. ಆಕೆಯ ನೋಟ್‌ಬುಕ್ ಇಸಿದುಕೊಂಡು, ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ. ಒಂದೆರಡು ಕಡೆ ನಾನು ಆಡಿದ್ದಕ್ಕಿಂತ ಆಕೆ ಬರೆದದ್ದೇ ಚೆನ್ನಾಗಿತ್ತು. ಅದನ್ನು ಮುಟ್ಟಲು ಹೋಗಿಲ್ಲ.

ವಿಷಯಕ್ಕೆ ಇದು ಒಪ್ಪುತ್ತದೆ ಕೂಡ. 13ನೇ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದ ಗುರುಗಳು ಚರ್ಚಿನ ವೇದಿಕೆ ಹತ್ತಿ ಮಾಡಿದ ಪ್ರಬೋಧನೆಗಳು ನಮಗೆ ಸಿಕ್ಕಿರುವುದು ಬಹುಪಾಲು ಹೀಗೆಯೇ, ಕೆಳಗೆ ಕೂತು ಕೇಳಿಸಿಕೊಂಡವರ ಟಿಪ್ಪಣಿಯಿಂದ. ಲ್ಯಾಟಿನ್ನಿನಲ್ಲಿ ಅದನ್ನು ‘ರೆಪೊರ್ತಾತಿಯೊ’ ಎನ್ನುತ್ತಿದ್ದರು. ಕೆಲವೆಡೆ ಬರೆಯುವವನ ಕೈ ಸೋತು ‘ಇತ್ಯಾದಿ’ ಎಂದು ಕೈತೊಳೆದುಕೊಳ್ಳುತ್ತಾನೆ. ಗಂಭೀರ ಲ್ಯಾಟಿನ್ ನಡೆಯುತ್ತಿರುವಾಗ ನಡುವೆ ತಟ್ಟನೆ ಒಂದು ಫ್ರೆಂಚ್ ಗಾದೆ ತಲೆ ಹಾಕುತ್ತದೆ. ಅದನ್ನು ಅನುವಾದಿಸಲು ಅವನಿಗೆ ಪುರುಸೊತ್ತಿರಲಿಲ್ಲ, ಅಥವಾ ಅನುವಾದಿಸಿದರೆ ಸತ್ತುಹೋಗುತ್ತದೆ ಎಂದು ಗೊತ್ತಿತ್ತು.

ಅಂಥ ಒಂದು ಕಟ್ಟು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ: 1230–31ರ ಒಂದು ವರ್ಷದ ಪ್ರಬೋಧನೆಗಳು. ತಮಾಷೆಯೆಂದರೆ ಆ ವರ್ಷ ವಿಶ್ವವಿದ್ಯಾಲಯವೇ ಮುಷ್ಕರದಲ್ಲಿತ್ತು. 1229ರಲ್ಲಿ, ತಪಸ್ಸುಕಾಲಕ್ಕೆ (ಈಸ್ಟರ್ ಹಬ್ಬಕ್ಕೆ ಮೊದಲು ಬರುವ ಉಪವಾಸದ ದಿನಗಳಿಗೆ) ಮುಂಚಿನ ಮೋಜಿನ ದಿನಗಳಲ್ಲಿ, ಸೇಂಟ್ ಮಾರ್ಸೆಲ್ ಕೇರಿಯ ಹೆಂಡದಂಗಡಿಯೊಂದರಲ್ಲಿ ವೈನಿನ ಬೆಲೆಯ ಮೇಲೆ ಜಗಳ ಹುಟ್ಟಿತು. ಏಟು ತಿಂದ ಹುಡುಗರು ಮರುದಿನ ದೊಣ್ಣೆ ಹಿಡಿದು ಬಂದರು. ಕೊನೆಗೆ ರಾಜಭಟರ ಕೈಯಲ್ಲಿ ಕೆಲವು ವಿದ್ಯಾರ್ಥಿಗಳು ಸತ್ತರು. ಗುರುಗಳು ಪಾಠ ನಿಲ್ಲಿಸಿ ಊರು ಬಿಟ್ಟರು. ಪೋಪ್ 9ನೇ ಗ್ರೆಗರಿ 1231ರ ಏಪ್ರಿಲ್‌ನಲ್ಲಿ ಆಜ್ಞಾಪತ್ರ ಹೊರಡಿಸಿದ ಮೇಲೆಯೇ ವ್ಯವಹಾರ ಬಗೆಹರಿದದ್ದು. ನಡುವಿನ ಆ ಕಾಲದಲ್ಲಿ ಪಾಠ ನಿಂತಿತ್ತು, ಪ್ರಬೋಧನೆ ನಿಂತಿರಲಿಲ್ಲ.

ಏಕೆಂದರೆ ಪ್ರಬೋಧನೆ ಅಲ್ಲಿ ಹಬ್ಬದ ದಿನದ ಅಲಂಕಾರವಾಗಿರಲಿಲ್ಲ, ಗುರುವಿನ ಕೆಲಸದ ಭಾಗವಾಗಿತ್ತು. 1197ರಲ್ಲಿ ತೀರಿಕೊಂಡ ಪೀಟರ್ ಎಂಬ ಪ್ಯಾರಿಸ್ಸಿನ ಗುರು (ನೋತ್ರ ದಾಮ್ ಚರ್ಚಿನ ಹಾಡುಗಾರರ ಮುಖ್ಯಸ್ಥನಾಗಿದ್ದುದರಿಂದ ‘ಚಾಂಟರ್’ ಎಂದೇ ಹೆಸರಾದವನು) ದೈವಶಾಸ್ತ್ರದ ಗುರುವಿಗೆ ಮೂರು ಕೆಲಸ ಎಂದ: ಪಠ್ಯ ಓದಿಸುವುದು, ವಾದ ಮಾಡುವುದು, ಪ್ರಬೋಧನೆ ಮಾಡುವುದು. ಓದು ಅಡಿಪಾಯ, ವಾದ ಗೋಡೆ, ಪ್ರಬೋಧನೆ ಚಾವಣಿ. ಚಾವಣಿ ಇಲ್ಲದ ಮನೆಯಲ್ಲಿ ಮಳೆಗಾಲ ಕಳೆಯಲಾಗದು ಎನ್ನುವುದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬದ ದಿನ ಬೆಳಿಗ್ಗೆ ಒಂದು ಪ್ರಬೋಧನೆ. ಸಂಜೆ ಪ್ರಾರ್ಥನೆಯ ನಂತರ ಅದೇ ವಚನವನ್ನು ಹಿಡಿದು ಇನ್ನೊಂದು. ಅದನ್ನು ‘ಕೊಲ್ಲಾತಿಯೊ’ ಎನ್ನುತ್ತಿದ್ದರು. ಮೊದಲಿಗೆ ಬೈಬಲಿನ ಒಂದು ವಚನ. ಅದನ್ನು ಸಾಮಾನ್ಯವಾಗಿ ಮೂರು ಭಾಗ ಮಾಡುವುದು, ಒಂದೊಂದನ್ನೂ ಮತ್ತೆ ಒಡೆಯುವುದು, ಪ್ರತಿ ತುಂಡಿಗೂ ಇನ್ನೊಂದು ವಚನದ ಆಧಾರ ಕೊಡುವುದು, ಸಾಧ್ಯವಾದರೆ ಪ್ರಾಸ. ಬೇರು, ಕಾಂಡ, ಕೊಂಬೆ ಎಂದು ಮರ ಬರೆದು ತೋರಿಸಿದವರೂ ಇದ್ದರು. ಓದಲು ಕೂತರೆ ಮೊದಲ ಹತ್ತು ಪ್ರಬೋಧನೆಗಳು ಒಂದೇ ಅಚ್ಚಿನವು ಅನಿಸುತ್ತವೆ, ನಿಜ. ಹನ್ನೊಂದನೆಯದರಲ್ಲಿ ಎಲ್ಲೋ ಒಬ್ಬ ಮನುಷ್ಯ ಸಿಗುತ್ತಾನೆ. ಇಂಗ್ಲೆಂಡಿನ ಡೊಮಿನಿಕನ್ ಸಂನ್ಯಾಸಿ ಥಾಮಸ್ ವಾಲೆಸ್ ಬರೆದ ಪ್ರಬೋಧನಾ ಕೈಪಿಡಿಯಲ್ಲಿ ಹೊಸಬರಿಗೊಂದು ಕಿವಿಮಾತಿದೆ: ಯಾರೂ ನಗದ ಕಡೆ ಹೋಗಿ, ಮರಗಳ ಮುಂದೆ, ಕಲ್ಲುಗಳ ಮುಂದೆ ಮಾತಾಡಿ ಅಭ್ಯಾಸ ಮಾಡಿಕೊಳ್ಳಿ. ಈ ವಾಲೆಸ್ ಕೊನೆಯಲ್ಲಿ ಮತ್ತೆ ಬರುತ್ತಾನೆ, ನೆನಪಿಟ್ಟುಕೊಳ್ಳಿ.

ಈಗ ಸುಖದ ಮಾತು. ನವೆಂಬರ್ 1 ಸಕಲ ಸಂತರ ಹಬ್ಬ. ಅಂದು ಚರ್ಚಿನ ಬಲಿಪೂಜೆಯಲ್ಲಿ ಓದುವುದು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ, ಯೇಸು ಬೆಟ್ಟದ ಮೇಲೆ ಆಡಿದ ಮಾತು. “ಆತ್ಮದಲ್ಲಿ ಬಡವರಾಗಿರುವವರು ಧನ್ಯರು” ಎಂದು ಅದರ ಮೊದಲ ಸಾಲು. ವಿಶ್ವವಿದ್ಯಾಲಯದ ವರ್ಷ ಆಗಷ್ಟೇ ಶುರುವಾಗಿರುತ್ತದೆ, ಹೊಸ ಹುಡುಗರು ಬಂದಿರುತ್ತಾರೆ, ಅವರ ಮುಂದೆ ಪ್ರತಿ ವರ್ಷ ಇದೇ ಪದ: ಲ್ಯಾಟಿನ್ನಿನಲ್ಲಿ ‘ಬೆಯಾತಿ’, ಅಂದರೆ ಧನ್ಯರು.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು. ‘ಧನ್ಯ’ದ ಬೇರಿನಲ್ಲಿ ‘ಧನ’ ಇದೆ. ಧನ ಉಳ್ಳವನು, ಧನ ತರುವವನು ಎಂಬುದೇ ಅದರ ಹಳೆಯ ಅರ್ಥ. ಹಾಗಾಗಿ “ಬಡವರು ಧನ್ಯರು” ಎಂದರೆ “ಹಣವಿಲ್ಲದವರೇ ಹಣವಂತರು” ಎಂದಂತಾಗುತ್ತದೆ. ನಾವು ಆ ಪದವನ್ನು ಬಳಸಿ ಬಳಸಿ ಸವೆಸಿದ್ದೇವೆ, ಕಿವಿಗೆ ಚುಚ್ಚುವುದಿಲ್ಲ. ಲ್ಯಾಟಿನ್ನಿನಲ್ಲೂ ಇದೇ ಕಥೆ: ರೋಮಿನ ಕವಿಗಳ ಕೈಯಲ್ಲಿ ‘ಬೆಯಾತುಸ್’ ಎಂದರೆ ಸಿರಿವಂತ, ಮನೆ ತುಂಬಿದವನು. ಕನ್ನಡ ಬೈಬಲಿನ ಅನುವಾದಕರು ಇದನ್ನು ಯೋಚಿಸಿ ಮಾಡಿದರೋ ಇಲ್ಲವೋ, ಒಗಟು ಮಾತ್ರ ಉಳಿದುಕೊಂಡಿತು. ಪ್ಯಾರಿಸ್ಸಿನ ಗುರುಗಳು ಈ ಒಗಟನ್ನೇ ಜಗ್ಗಿ ಜಗ್ಗಿ ಮಾತಾಡಿದರು. ಅವರಿಗೆ ಪ್ರಿಯವಾದ ಇನ್ನೊಂದು ವಚನ ಬೈಬಲಿನ ಕೀರ್ತನೆಗಳಲ್ಲಿದೆ. ಕಣಜ ತುಂಬಿದೆ, ಕುರಿ ಹೆಚ್ಚಿವೆ, ಎತ್ತು ಕೊಬ್ಬಿವೆ, ಮಕ್ಕಳು ಚಿಗುರಿದ ಗಿಡದಂತಿದ್ದಾರೆ. ಲ್ಯಾಟಿನ್ ಪಾಠದಲ್ಲಿ ಆಮೇಲೆ ಬರುವ ಮಾತು: ಇಷ್ಟೆಲ್ಲ ಇರುವವರನ್ನು *ಜನ* ಧನ್ಯರೆಂದರು, ಕರ್ತನೇ ಯಾರಿಗೆ ದೇವರೋ ಅವರು ಧನ್ಯರು. ‘ಎಂದರು’ ಎಂಬ ಆ ಒಂದು ಕ್ರಿಯಾಪದದ ಮೇಲೆ ಅವರು ಅರ್ಧ ಗಂಟೆ ನಿಲ್ಲಬಲ್ಲರು.

ಎಲ್ಲರಿಗೂ ಸುಖ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅದಕ್ಕೆ ಮೂಲ ಸಂತ ಆಗಸ್ಟೀನ್. ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ತತ್ತ್ವದ) ಬಗ್ಗೆ ಬರೆಯುವಾಗ, ಎಲ್ಲಿಯ ತ್ರಿತ್ವ ಎಲ್ಲಿಯ ನಾಟಕ, ಅವನು ಒಬ್ಬ ವಿದೂಷಕನ ಕಥೆ ಹೇಳುತ್ತಾನೆ. ಈ ನಟ ಒಂದು ದಿನ ಜನರಿಗೆ ಮಾತು ಕೊಟ್ಟ: ಮುಂದಿನ ಆಟಕ್ಕೆ ಬನ್ನಿ, ನಿಮ್ಮೆಲ್ಲರ ಮನಸ್ಸಿನಲ್ಲಿ ಏನಿದೆ, ಏನು ಬೇಕು ಎಂದು ಹೇಳಿಬಿಡುತ್ತೇನೆ. ಜನ ಕಿಕ್ಕಿರಿದು ಬಂದರು. ಉಸಿರು ಬಿಗಿಹಿಡಿದು ಕೂತರು. ನಟ ಎದ್ದು ನಿಂತು, “ನಿಮಗೆ ಅಗ್ಗಕ್ಕೆ ಕೊಳ್ಳಬೇಕು, ದುಬಾರಿಗೆ ಮಾರಬೇಕು” ಎಂದ. ಚಪ್ಪಾಳೆಯೋ ಚಪ್ಪಾಳೆ. ಆಗಸ್ಟೀನನ ತಕರಾರು ಇಷ್ಟೆ: ಅಗ್ಗಕ್ಕೆ ಕೊಳ್ಳಬೇಕೆನ್ನದ ಒಬ್ಬಿಬ್ಬರಾದರೂ ಇರುತ್ತಾರಪ್ಪ, ಅದರ ಬದಲು “ನಿಮಗೆಲ್ಲ ಸುಖ ಬೇಕು” ಎಂದಿದ್ದರೆ ಒಬ್ಬನೂ ಇಲ್ಲವೆನ್ನುತ್ತಿರಲಿಲ್ಲ. ಮುಂದೆ ಅವನೇ ಕಟ್ಟಿದ ಸೂತ್ರ ಹೀಗಿದೆ: ಬಯಸಿದ್ದೆಲ್ಲ ಇದ್ದು, ಕೆಟ್ಟದ್ದೇನನ್ನೂ ಬಯಸದವನೇ ಸುಖಿ. ಇದರ ಉತ್ತರಾರ್ಧದಲ್ಲಿ ಮುಳ್ಳಿದೆ.

ಪ್ಯಾರಿಸ್ಸಿನ ಹುಡುಗರು ಬಯಸುತ್ತಿದ್ದುದೇನು? ಚರ್ಚಿನಲ್ಲೊಂದು ಆದಾಯದ ಹುದ್ದೆ, ಮೊದಲನೆಯದಾಗಿ. ಕಾನೂನು, ವೈದ್ಯ ಓದಿದರೆ ದುಡ್ಡು, ಅದಕ್ಕೆ ದೈವಶಾಸ್ತ್ರ ಬಿಟ್ಟು ಅತ್ತ ಓಡುತ್ತಾರೆ ಎಂದು ಪ್ರಬೋಧಕರು ಗೊಣಗುತ್ತಲೇ ಇದ್ದರು. ಗೊಣಗಾಟದಲ್ಲಿ ಹೊಸದೇನಿಲ್ಲ. ಹೊಸದಿರುವುದು ರಾಬರ್ಟ್ ದ ಸೋರ್ಬೋನ್ ಮಾಡಿದ ಕೆಲಸದಲ್ಲಿ. ಇವನು 1201ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ರಾಜ 9ನೇ ಲೂಯಿಯ ಆಪ್ತನಾಗಿ, ಬಡ ವಿದ್ಯಾರ್ಥಿಗಳಿಗೆಂದು 1257ರ ಹೊತ್ತಿಗೆ ಕಾಲೇಜು ಕಟ್ಟಿದವನು. ಸೋರ್ಬೋನ್ ಎಂಬ ಹೆಸರು ಇವತ್ತಿಗೂ ಉಳಿದಿರುವುದು ಅವನಿಂದ. ಅವನ ಒಂದು ಪ್ರಬೋಧನೆ, ಆಮೇಲೆ ಸಣ್ಣ ಕೃತಿಯೇ ಆದದ್ದು, ಅಂತಸ್ಸಾಕ್ಷಿಯ ಬಗ್ಗೆ. ಅದರಲ್ಲಿ ಅವನು ಕೊನೆಯ ತೀರ್ಪಿನ ದಿನವನ್ನು ಪ್ಯಾರಿಸ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಹೋಲಿಸುತ್ತಾನೆ. ಎದುರಿಗೆ ಕೂತವರೆಲ್ಲ ಪರೀಕ್ಷೆಯ ಭಯದಲ್ಲಿರುವ ಹುಡುಗರು, ನೋಡಿ.

ಪಾಠ ಹೇಳುವ ಪರವಾನಗಿ ಬೇಕಾದವನಿಗೆ, ಯಾವ ಪುಸ್ತಕದ ಮೇಲೆ ಪ್ರಶ್ನೆ ಕೇಳುತ್ತಾರೆ ಎಂದು ಚಾನ್ಸಲರೇ ಮುಂಚಿತವಾಗಿ ಹೇಳಿದರು ಎಂದಿಟ್ಟುಕೊಳ್ಳಿ. ಆ ಪುಸ್ತಕ ಬಿಟ್ಟು ಬೇರೆಯದನ್ನು ಓದುವವನು ಹುಚ್ಚನಲ್ಲವೆ? ಕೊನೆಯ ದಿನದ ಪುಸ್ತಕ ಯಾವುದೆಂದು ನಮಗೆಲ್ಲ ಗೊತ್ತಿದೆ: ನಮ್ಮ ನಮ್ಮ ಅಂತಸ್ಸಾಕ್ಷಿ. ಚಾನ್ಸಲರ್ ಫೇಲು ಮಾಡಿದರೆ ಒಂದು ವರ್ಷ ಬಿಟ್ಟು ಮತ್ತೆ ಕೂರಬಹುದು. ಸ್ನೇಹಿತರಿಂದ ಹೇಳಿಸಬಹುದು. ಚಾನ್ಸಲರನ ನೆಂಟರಿಗೋ ಪರೀಕ್ಷಕರಿಗೋ ಏನಾದರೂ ಕೊಟ್ಟು ಕೆಲಸ ಮಾಡಿಸಿಕೊಳ್ಳಬಹುದು. (ಇದನ್ನು ಅವನು ವೇದಿಕೆಯ ಮೇಲೆ ನಿಂತು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳುತ್ತಾನೆ.) ದೊಡ್ಡವರ ಮಕ್ಕಳಿಗೆ ಪರೀಕ್ಷೆಯೇ ಇಲ್ಲದೆಯೂ ದಾಟಿಸುತ್ತಾರೆ. ಅಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಫೇಲಾದರೆ ಐದಾರು ಜನರಿಗೆ ಗೊತ್ತಾಗುತ್ತದೆ, ನಾಚಿಕೆ ನಾಲ್ಕು ದಿನದಲ್ಲಿ ಕರಗುತ್ತದೆ. ಅಲ್ಲಿ ‘ತುಂಬಿದ ವಿಶ್ವವಿದ್ಯಾಲಯ’ದ ಮುಂದೆ, ಅಂದರೆ ಇಡೀ ಜಗತ್ತಿನ ಮುಂದೆ. ಶನಿವಾರದ ಏಟು ತಪ್ಪಿಸಿಕೊಳ್ಳಲು ಸಣ್ಣ ಶಾಲೆಯ ಹುಡುಗರು ಹೊಟ್ಟೆನೋವು ಎನ್ನುತ್ತಾರಲ್ಲ, ಅದೂ ನಡೆಯುವುದಿಲ್ಲ. ಪರೀಕ್ಷೆಗೆ ಕೂರುವವನನ್ನು ನೋಡಿ ಕಲಿಯಿರಿ ಎನ್ನುತ್ತಾನೆ: ಅವನು ಹಿತಮಿತವಾಗಿ ಉಂಡು, ಒಂದೇ ಪುಸ್ತಕಕ್ಕೆ ಅಂಟಿಕೊಂಡು, ಆ ವಿಷಯದ ಪಾಠಕ್ಕೆ ಮಾತ್ರ ಹೋಗುತ್ತಾನೆ, ಓದುತ್ತಿದ್ದೇನೆ ಎಂಬುದನ್ನು ಗೆಳೆಯರಿಂದ ಮುಚ್ಚಿಡಲೂ ಅವನಿಗೆ ಆಗುವುದಿಲ್ಲ.

ಈ ಪ್ರಬೋಧನೆ ನನಗೆ ಇಷ್ಟವಾಗುವುದು ಅದರ ತಮಾಷೆಗೆ. ಆದರೆ ವಾದವಾಗಿ ಇದು ಸುಲಭದ್ದು. ದುಡ್ಡಿನ ಹಿಂದೆ ಹೋಗುವವನಿಗೆ ಸುಖ ಅಲ್ಲಿಲ್ಲ ಎಂದು ಹೇಳುವುದು ಕಷ್ಟವಲ್ಲ. ಕಷ್ಟದ ಗಿರಾಕಿ ಬೇರೆಯವನು: ಹುದ್ದೆ ಬೇಡ, ಹಣ ಬೇಡ, ನನಗೆ ತಿಳಿಯಬೇಕು, ತಿಳಿಯುವುದೇ ನನ್ನ ಸುಖ ಎನ್ನುವವನು.

ಅಂಥವರ ಕೈಗೆ ಆಗತಾನೆ ಒಂದು ದೊಡ್ಡ ಪುಸ್ತಕ ಬಂದಿತ್ತು. ಅರಿಸ್ಟಾಟಲ್‌ನ ನೀತಿಶಾಸ್ತ್ರ ಅಲ್ಲಿಯವರೆಗೆ ತುಂಡು ತುಂಡಾಗಿ ಲ್ಯಾಟಿನ್ನಿನಲ್ಲಿತ್ತು. ಲಿಂಕನ್ನಿನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ 1246–47ರ ಸುಮಾರಿಗೆ ಇಡಿಯಾಗಿ ಅನುವಾದಿಸಿದ. 1255ರಲ್ಲಿ ಪ್ಯಾರಿಸ್ಸಿನ ಕಲಾ ವಿಭಾಗ ಅರಿಸ್ಟಾಟಲ್‌ನನ್ನು ಅಧಿಕೃತವಾಗಿ ಪಠ್ಯ ಮಾಡಿಕೊಂಡಿತು. ಆ ಪುಸ್ತಕದ ಹತ್ತನೇ ಭಾಗದಲ್ಲಿರುವುದೇನು? ಮನುಷ್ಯನ ಪರಮ ಸುಖ ಅರಿವಿನಲ್ಲಿ, ಚಿಂತನೆಯಲ್ಲಿ. ಅದೂ ಈ ಬದುಕಿನಲ್ಲೇ. ಇಪ್ಪತ್ತು ವರ್ಷದ ಹುಡುಗನೊಬ್ಬನಿಗೆ ಇದು ಎಂಥ ಮದ್ದು ಎಂದು ಊಹಿಸಿ. ಬೊಯೆಥಿಯಸ್ ಎಂಬ ಡೆನ್ಮಾರ್ಕಿನ ಗುರು 1270ರ ಸುಮಾರಿಗೆ ಪರಮ ಹಿತದ ಬಗ್ಗೆ ಒಂದು ಪುಟ್ಟ ಬರಹ ಬರೆದು, ಸತ್ಯವನ್ನು ಅರಿಯುತ್ತ, ಅದರಲ್ಲಿ ಆನಂದಪಡುತ್ತ ಬದುಕುವವನ ಬದುಕೇ ನೇರ ಬದುಕು ಎಂದ. ಮರಣದ ನಂತರದ ಸುಖ ಇದಕ್ಕಿಂತ ದೊಡ್ಡದೆಂದು ವಿಶ್ವಾಸ ಹೇಳುತ್ತದೆ ಎಂದೂ ಸೇರಿಸಿದ. ಅದನ್ನು ಅವನ ವಿರೋಧಿಗಳು ಓದಿದಂತೆ ಕಾಣುವುದಿಲ್ಲ. 1277ರ ಮಾರ್ಚ್ 7ರಂದು ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೆ 219 ವಾಕ್ಯಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಇವೂ ಇದ್ದವು: ತತ್ತ್ವಜ್ಞಾನಕ್ಕೆ ಮುಡಿಪಾದ ಬದುಕಿಗಿಂತ ಮೇಲಾದ ಸ್ಥಿತಿ ಇಲ್ಲ; ಲೋಕದ ವಿವೇಕಿಗಳೆಂದರೆ ತತ್ತ್ವಜ್ಞಾನಿಗಳು ಮಾತ್ರ; ಸುಖ ಇರುವುದು ಈ ಬಾಳಿನಲ್ಲಿ, ಇನ್ನೊಂದರಲ್ಲಿ ಅಲ್ಲ.

ವೇದಿಕೆಯ ಮೇಲಿನವರು ಇದಕ್ಕೆ ಕಥೆಯಿಂದಲೂ ಉತ್ತರ ಕೊಟ್ಟರು. ಪ್ರಬೋಧಕ ಜಾಕ್ ದ ವಿತ್ರಿ ಹೇಳುವ ಒಂದು ಕಥೆ ಊರೂರು ಸುತ್ತಿತು. ಸತ್ತ ವಿದ್ಯಾರ್ಥಿಯೊಬ್ಬ ತನ್ನ ಗುರುವಿಗೆ ಕಾಣಿಸಿಕೊಂಡ. ಮೈಮೇಲೆ ಚರ್ಮಪತ್ರದ ನಿಲುವಂಗಿ, ಅದರ ತುಂಬ ಸಣ್ಣ ಅಕ್ಷರ. ಏನದು ಎಂದರೆ, ನಾನು ಶಾಲೆಯಲ್ಲಿ ಮಾಡಿದ ಕುತರ್ಕಗಳು. ಈ ಚರ್ಚಿನ ಗೋಪುರ ಹೊತ್ತರೂ ಇಷ್ಟು ಭಾರವಿರಲಿಕ್ಕಿಲ್ಲ ಎಂದ. ಒಳಗಿನ ಬೇಗೆ ಎಷ್ಟೆಂದು ತೋರಿಸಲು ಬೆವರಿನ ಒಂದು ಹನಿಯನ್ನು ಗುರುವಿನ ಅಂಗೈ ಮೇಲೆ ಬೀಳಿಸಿದ. ಬಾಣ ಹೊಕ್ಕಂತೆ ಅದು ಕೈಯನ್ನು ತೂರಿಕೊಂಡು ಹೋಯಿತು. ಗುರು ಕಪ್ಪೆಗೆ ವಟಗುಟ್ಟುವುದನ್ನೂ ಕಾಗೆಗೆ ಕಾ ಎನ್ನುವುದನ್ನೂ ಬಿಟ್ಟುಕೊಡುತ್ತೇನೆ ಎಂದು ಎರಡು ಸಾಲು ಪದ್ಯ ಹೇಳಿ ಮಠ ಸೇರಿದ. ಕಥೆ ಚೆನ್ನಾಗಿದೆ. ಆದರೆ ಹೆದರಿಸಿ ಗೆಲ್ಲುವ ಕಥೆ.

ಹೆದರಿಸದೆ ಉತ್ತರಿಸಲು ಹೊರಟವನು ಥಾಮಸ್ ಅಕ್ವಿನಾಸ್. 1256ರಲ್ಲಿ ಪ್ಯಾರಿಸ್ಸಿನಲ್ಲಿ ಗುರುವಾದ ಡೊಮಿನಿಕನ್ ಸಂನ್ಯಾಸಿ. ಅವನ ದಿನಗಳು ಶಾಂತವಾಗಿದ್ದವು ಎಂದುಕೊಳ್ಳಬೇಡಿ. ಭಿಕ್ಷೆಯ ಮೇಲೆ ಬದುಕುವ ಸಂನ್ಯಾಸಿಗಳಿಗೆ ಗುರುಪೀಠ ಏಕೆ ಎಂದು ಇತರ ಗುರುಗಳು ಕೆರಳಿದ್ದರು. 1259ರ ಗರಿಗಳ ಭಾನುವಾರ ಥಾಮಸ್ ಪ್ರಬೋಧನೆ ಮಾಡುತ್ತಿದ್ದಾಗ ಗಿಯೋ ಎಂಬ ವಿಶ್ವವಿದ್ಯಾಲಯದ ನೌಕರ ಎದ್ದು ನಿಂತು ಸಂನ್ಯಾಸಿಗಳ ವಿರುದ್ಧದ ಬರಹವನ್ನು ಸಭೆಗೆ ಸಾರಿದ. ಪೋಪರಿಗೆ ದೂರು ಹೋಗಿ, ಅವರು ಪತ್ರ ಬರೆದು ಗಿಯೋನನ್ನು ಕೆಲಸದಿಂದ ತೆಗೆಯಬೇಕೆಂದರು.

ಥಾಮಸ್‌ನ ಉತ್ತರದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವನ ಮರುಕ. ತತ್ತ್ವಜ್ಞಾನಿಗಳು ಸುಳ್ಳು ಹೇಳಿದರು ಎಂದು ಅವನು ಹೇಳಲಿಲ್ಲ. ಈ ಬಾಳಿನಲ್ಲಿ ಸುಖದ ಒಂದು ಪಾಲು ಸಿಗುತ್ತದೆ, ಅದು ಅಪೂರ್ಣ, ಅಷ್ಟೆ. ರೋಗ, ಸಾವು, ನಿದ್ದೆ, ಮರೆವು ಇರುವ ತನಕ ಯಾವ ಅರಿವೂ ತುಂಬಿ ನಿಲ್ಲುವುದಿಲ್ಲ. ಅರಿಸ್ಟಾಟಲ್‌ನಿಗೂ ಇದು ಗೊತ್ತಿತ್ತು, ಅದಕ್ಕೇ ಅವನು “ಮನುಷ್ಯರು ಸುಖಿಗಳಾಗಬಹುದಾದಷ್ಟು” ಎಂದು ತಗ್ಗಿಸಿ ಹೇಳಿದ. ಹೀಗೆ ಹೇಳಿ ಥಾಮಸ್ ಒಂದು ಉದ್ಗಾರ ತೆಗೆಯುತ್ತಾನೆ: ಆ ಮಹಾ ಪ್ರತಿಭೆಗಳು ಅತ್ತಲೂ ಇತ್ತಲೂ ಎಂಥ ಇಕ್ಕಟ್ಟು ಪಟ್ಟಿರಬೇಕು! ಲ್ಯಾಟಿನ್ನಿನ ‘ಅಂಗುಸ್ತಿಯಾ’ ನಮ್ಮ ‘ಇಕ್ಕಟ್ಟು’ ಎಂಬುದರ ತದ್ರೂಪ. ಜಾಗವೂ ಕಿರಿದು, ಜೀವವೂ ಕಿರಿದು.

ಪೂರ್ಣ ಸುಖ ಯಾವುದು ಎಂದರೆ ದೇವರನ್ನು ಕಾಣುವುದು. ಈಗ ಕನ್ನಡಿಯಲ್ಲಿ ಮಬ್ಬಾಗಿ, ಆಗ ಮುಖಾಮುಖಿಯಾಗಿ ಎಂದು ಬೈಬಲಿನಲ್ಲಿ ಸಂತ ಪೌಲನು ಬರೆದ ಮಾತಿನ ಎರಡನೆಯ ಅರ್ಧ. ಇದಕ್ಕೆ ‘ದರ್ಶನ’ ಎನ್ನಬಹುದೆ ಎಂದು ಅಂದು ಸಭೆಯಲ್ಲಿ ಒಬ್ಬರು ಕೇಳಿದರು. ಅನ್ನಬಹುದು, ಎಚ್ಚರದಿಂದ. ನಮ್ಮಲ್ಲಿ ದರ್ಶನವೆಂದರೆ ದೇವಸ್ಥಾನದಲ್ಲಿ ಕಾಣುವುದೂ ಹೌದು, ತತ್ತ್ವಶಾಸ್ತ್ರವೂ ಹೌದು. ಥಾಮಸ್‌ನ ಪ್ರಕಾರ ಈ ನೋಟ ಕಣ್ಣಿಗೆ ಸೇರಿದ್ದಲ್ಲ, ಬುದ್ಧಿಗೆ ಸೇರಿದ್ದು, ಮತ್ತು ಅದು ನಮ್ಮ ದುಡಿಮೆಯಿಂದ ದಕ್ಕುವುದಲ್ಲ. ಮತ್ತಾಯನ ಮೇಲಿನ ಪಾಠದಲ್ಲಿ ಅವನು ಬೆಟ್ಟದ ಮೇಲಿನ ಒಂದೊಂದು ‘ಧನ್ಯರು’ವನ್ನೂ ಸುಖದ ಬಗೆಗಿನ ಒಂದೊಂದು ತಪ್ಪು ಲೆಕ್ಕದ ಎದುರು ನಿಲ್ಲಿಸುತ್ತಾನೆ. ಸಂಪತ್ತೇ ಸುಖ ಎಂದವರಿಗೆ “ಬಡವರು ಧನ್ಯರು”. ಸೇಡು ತೀರಿದರೆ ಸುಖ ಎಂದವರಿಗೆ “ಶಾಂತರು ಧನ್ಯರು”. ಭೋಗಕ್ಕೆ “ದುಃಖಪಡುವವರು ಧನ್ಯರು”. ಚಿಂತನೆಯೇ ಸುಖ ಎಂಬವರ ಎದುರು ಮಾತ್ರ ಅವನು ವಿರೋಧ ತರುವುದಿಲ್ಲ, ತುಸು ತಿದ್ದುತ್ತಾನೆ: “ನಿರ್ಮಲಚಿತ್ತರು ಧನ್ಯರು, ಅವರು ದೇವರನ್ನು ನೋಡುವರು”. ಕಾಣುವುದೇ ಸುಖ ಎಂಬುದು ಸರಿ. ಯಾವಾಗ ಎಂಬುದು ತಪ್ಪು.

ಆ ಕಾಲದ ಇನ್ನೊಬ್ಬ ದೊಡ್ಡವನು ಫ್ರಾನ್ಸಿಸ್ಕನ್ ಬೊನಾವೆಂಚರ್ ಇಷ್ಟು ಉದಾರಿಯಲ್ಲ. 1273ರ ವಸಂತದಲ್ಲಿ ಪ್ಯಾರಿಸ್ಸಿನಲ್ಲಿ, ಸುಮಾರು 160 ಸಂನ್ಯಾಸಿಗಳೂ ಕೆಲವು ಗುರುಗಳೂ ಕೂತಿದ್ದ ಸಭೆಯಲ್ಲಿ, ಪವಿತ್ರ ಗ್ರಂಥದ ವೈನಿಗೆ ತತ್ತ್ವಜ್ಞಾನದ ನೀರು ಬೆರೆಸಿ ಬೆರೆಸಿ ವೈನೇ ನೀರಾಗದಿರಲಿ ಎಂದ. ಥಾಮಸ್ ಎಷ್ಟೋ ವರ್ಷ ಮೊದಲೇ ಅದೇ ಉಪಮೆಗೆ, ನಾವು ನೀರು ಬೆರೆಸುತ್ತಿಲ್ಲ, ನೀರನ್ನು ವೈನು ಮಾಡುತ್ತಿದ್ದೇವೆ ಎಂದು ಬರೆದಿದ್ದ.

ಅದೇ 1273ರ ತಪಸ್ಸುಕಾಲದಲ್ಲಿ ಥಾಮಸ್ ನೇಪಲ್ಸಿನಲ್ಲಿದ್ದ. ಅಲ್ಲಿ ಅವನು ಮಾತಾಡಿದ್ದು ಪಂಡಿತರಿಗಲ್ಲ, ಊರಿನ ಜನಕ್ಕೆ, ಅವರ ಭಾಷೆಯಲ್ಲಿ. ವಿಶ್ವಾಸ ಸಾರದ (ಕ್ರೈಸ್ತರು ತಮ್ಮ ನಂಬಿಕೆಯನ್ನು ಚುಟುಕಾಗಿ ಹೇಳಿಕೊಳ್ಳುವ ಪಾಠದ) ಮೇಲಿನ ಆ ಮಾತುಗಳ ಆರಂಭದಲ್ಲಿ ಅವನು ಹೇಳುತ್ತಾನೆ: ನಮ್ಮ ಅರಿವು ಎಷ್ಟು ಬಡವೆಂದರೆ ಒಂದು ನೊಣದ ಸ್ವಭಾವವನ್ನು ಪೂರಾ ತಿಳಿದ ತತ್ತ್ವಜ್ಞಾನಿ ಇಲ್ಲ. ಒಬ್ಬನು ಜೇನುನೊಣವನ್ನು ಅರಿಯಲೆಂದು ಮೂವತ್ತು ವರ್ಷ ಏಕಾಂತದಲ್ಲಿ ಕೂತನಂತೆ. ಆಮೇಲೆ: ಕ್ರಿಸ್ತ ಬರುವ ಮುಂಚೆ ತತ್ತ್ವಜ್ಞಾನಿಗಳೆಲ್ಲ ಹೆಣಗಿದರೂ ದೇವರ ಬಗ್ಗೆ, ಬದುಕಿಗೆ ಬೇಕಾದುದರ ಬಗ್ಗೆ ತಿಳಿಯಲಾಗದ್ದು ಈಗ ಒಬ್ಬ ಮುದುಕಿಗೆ ಗೊತ್ತು.

ಈ ಮುದುಕಿ (ಲ್ಯಾಟಿನ್ನಿನಲ್ಲಿ ‘ವೆತುಲಾ’, ಅಷ್ಟೇನೂ ಗೌರವದ ಪದವಲ್ಲ, ‘ಮುದಿಗೊಡ್ಡು’ ಎಂದಂತೆ) ವಿಶ್ವವಿದ್ಯಾಲಯದ ಮುಂದೆ ಮಾಡಿದ ಪ್ರಬೋಧನೆಯಲ್ಲೂ ಬರುತ್ತಾಳೆ. ಅಲ್ಲಿ ಥಾಮಸ್ ಪೈಥಾಗರಸ್‌ನ ಕಥೆ ಹೇಳುತ್ತಾನೆ. ಪೈಥಾಗರಸ್ ಮೊದಲು ಮುಷ್ಟಿಕಾಳಗದವನಾಗಿದ್ದನಂತೆ. ಒಬ್ಬ ಗುರು ಆತ್ಮ ಅಮರವೆಂದು ವಾದಿಸುವುದನ್ನು ಕೇಳಿ, ಎಲ್ಲವನ್ನೂ ಬಿಟ್ಟು ತತ್ತ್ವಜ್ಞಾನಕ್ಕೆ ಬಂದ. ಆತ್ಮ ಅಮರವೆಂದು ತಿಳಿಯದ ಮುದುಕಿ ಇವತ್ತು ಯಾರಿದ್ದಾಳೆ?

ಸಭೆ ನಕ್ಕಿರಬೇಕು. ನನಗೂ ಈ ಮುದುಕಿ ಬಹಳ ವರ್ಷ ಹಿಡಿಸಿದ್ದಳು. ಇತ್ತೀಚೆಗೆ ಒಂದು ಅನುಮಾನ ಶುರುವಾಗಿದೆ. ಅವಳು ಒಂದು ಮಾತೂ ಆಡುವುದಿಲ್ಲ, ಗಮನಿಸಿದಿರಾ? ಪಂಡಿತನ ತಲೆಗೆ ಮೊಟಕಲು ಇನ್ನೊಬ್ಬ ಪಂಡಿತ ಎತ್ತಿಕೊಂಡ ಕೋಲು ಅವಳು. ವಿಶ್ವವಿದ್ಯಾಲಯದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ವೇದಿಕೆ ಹತ್ತುವುದಂತೂ ದೂರ.

ಮಾತಾಡಿದ ಹೆಂಗಸಿಗೆ ಏನಾಯಿತು ಎಂಬುದಕ್ಕೆ ದಾಖಲೆ ಇದೆ. ಮಾರ್ಗರೀತ್ ಪೊರೇತ್ ಎಂಬ ಬೆಗೀನ್, ಅಂದರೆ ಮಠದ ವ್ರತ ತೊಡದೆ ಭಕ್ತಿಯ ಬದುಕು ನಡೆಸುವವಳು, ದೇವರ ಪ್ರೀತಿಯಲ್ಲಿ ಇಲ್ಲವಾಗಿಹೋದ ಆತ್ಮದ ಬಗ್ಗೆ ಒಂದು ಪುಸ್ತಕ ಬರೆದಳು. ಲ್ಯಾಟಿನ್ನಿನಲ್ಲಲ್ಲ, ಫ್ರೆಂಚಿನಲ್ಲಿ. ಅಂಥ ಆತ್ಮ ಸದ್ಗುಣಗಳಿಗೂ ಬೀಳ್ಕೊಡುತ್ತದೆ ಎಂದಳು, ಸ್ವರ್ಗವನ್ನೂ ಬಯಸುವುದಿಲ್ಲ ಎಂದಳು. ಬಯಸಿದ್ದೆಲ್ಲ ಇರುವವನು ಸುಖಿ ಎಂಬ ಆಗಸ್ಟೀನನ ಸೂತ್ರದ ಪಕ್ಕ ಇದನ್ನಿಟ್ಟು ನೋಡಿ: ಬಯಕೆಯೇ ಇಲ್ಲದಾದರೆ? 1310ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ 21 ಜನ ದೈವಶಾಸ್ತ್ರದ ಗುರುಗಳು ಕೂತು ಅವಳ ಪುಸ್ತಕದಿಂದ ಕಿತ್ತ ವಾಕ್ಯಗಳನ್ನು ತಪ್ಪೆಂದರು. ಜೂನ್ 1ರಂದು ಗ್ರೆವ್ ಮೈದಾನದಲ್ಲಿ ಅವಳನ್ನು ಸುಟ್ಟರು. ವಿಚಾರಣೆಯ ಉದ್ದಕ್ಕೂ ಅವಳು ಪ್ರಮಾಣ ಮಾಡಲೂ ಉತ್ತರಿಸಲೂ ನಿರಾಕರಿಸಿದ್ದಳು. ಥಾಮಸ್‌ನ ಮುದುಕಿಯೂ ಸುಮ್ಮನಿದ್ದಳು, ಇವಳೂ ಸುಮ್ಮನಿದ್ದಳು; ಎರಡು ಮೌನ ಒಂದಲ್ಲ.

ಇನ್ನು ಕೊನೆಯ ಪ್ರಸಂಗ. 1331ರ ನವೆಂಬರ್ 1, ಮತ್ತೆ ಸಕಲ ಸಂತರ ಹಬ್ಬ. ಪೋಪ್ ಆಗ ರೋಮಿನಲ್ಲಿಲ್ಲ, ಫ್ರಾನ್ಸಿನ ದಕ್ಷಿಣದ ಆವಿನ್ಯೋನಿನಲ್ಲಿ. ಎಂಬತ್ತು ದಾಟಿದ ಪೋಪ್ 22ನೇ ಜಾನ್ ಪ್ರಬೋಧನೆಗೆ ನಿಂತು ಒಂದು ಮಾತು ಹೇಳಿದರು: ಸಂತರ ಆತ್ಮಗಳು ಇನ್ನೂ ದೇವರನ್ನು ಮುಖಾಮುಖಿ ನೋಡಿಲ್ಲ. ಅವು ‘ಬಲಿಪೀಠದ ಕೆಳಗೆ’ ಕ್ರಿಸ್ತನ ಮಾನವತ್ವದ ನೆರಳಲ್ಲಿ ವಿಶ್ರಮಿಸಿಕೊಂಡಿವೆ. ಕೊನೆಯ ತೀರ್ಪು ಆಗಿ, ದೇಹಗಳು ಎದ್ದ ಮೇಲೆಯೇ ಆ ನೋಟ. 12ನೇ ಶತಮಾನದ ಸಂತ ಬರ್ನಾರ್ಡನ ಇದೇ ಹಬ್ಬದ ಪ್ರಬೋಧನೆಗಳು ಅವರಿಗೆ ಆಧಾರ. ಇದು ಆಜ್ಞೆಯಲ್ಲ, ಪ್ರಬೋಧನೆಯಲ್ಲಿ ಆಡಿದ ಅಭಿಪ್ರಾಯ ಎಂದು ಅವರ ನಿಲುವು. ಆದರೆ ಪೋಪ್ ಆಡಿದ ಮಾತು ಎಲ್ಲಿ ಗೋಡೆಯೊಳಗೆ ಉಳಿದೀತು!

ಪಂಡಿತರಿಗೆ ಇದು ಥಾಮಸ್ ಕಟ್ಟಿದ ಲೆಕ್ಕದ ಬುಡಕ್ಕೇ ಬಂದ ಪ್ರಶ್ನೆ: ಕಾಣುವುದೇ ಸುಖವಾದರೆ, ಕಾಣದ ಸಂತರು ಸುಖಿಗಳು ಹೇಗೆ? ಜನಕ್ಕೆ ಅದಕ್ಕಿಂತ ಹತ್ತಿರದ ಪ್ರಶ್ನೆ. ಸಂತ ನಿಕೊಲಾಸನ ಮುಂದೆ ಮೇಣದಬತ್ತಿ ಹಚ್ಚಿ, ಮಗುವಿನ ಜ್ವರ ಬಿಡಿಸು ಎಂದು ದೇವರಲ್ಲಿ ಹೇಳಪ್ಪ ಎಂದು ಬೇಡುವ ಮುದುಕಿಯ ನಂಬಿಕೆ ಏನು? ನಿಕೊಲಾಸ ಅಲ್ಲಿದ್ದಾನೆ, ದೇವರ ಎದುರೇ ಇದ್ದಾನೆ, ಕಾಣುತ್ತಿದ್ದಾನೆ ಎಂದು. ಅವನೂ ಸರದಿಯಲ್ಲಿ ಕಾಯುತ್ತಿದ್ದಾನೆ ಎಂದರೆ ಮೇಣದಬತ್ತಿ ಯಾರಿಗೆ?

1333ರ ಜನವರಿ 3ರಂದು ಆವಿನ್ಯೋನಿನ ಡೊಮಿನಿಕನ್ ಚರ್ಚಿನಲ್ಲಿ ನಮ್ಮ ಥಾಮಸ್ ವಾಲೆಸ್ ವೇದಿಕೆ ಹತ್ತಿದ. ಪೋಪರ ಮೂಗಿನ ಕೆಳಗೇ, ಅವರ ಅಭಿಪ್ರಾಯ ತಪ್ಪು ಎಂದು ಬಿಡಿಸಿ ಬಿಡಿಸಿ ಹೇಳಿದ; ಹುದ್ದೆಯ ಆಸೆಗೆ ಪೋಪರಿಗೆ ತಲೆಯಾಡಿಸುವವರನ್ನೂ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಅವನು ಇನ್‌ಕ್ವಿಸಿಷನ್ನಿನ, ಅಂದರೆ ಮತದ್ರೋಹವನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯದ, ಜೈಲಿನಲ್ಲಿದ್ದ. ಸುಖದ ಬಗ್ಗೆ ಪ್ರಬೋಧನೆ ಮಾಡಿ ಜೈಲಿಗೆ ಹೋದವರು ಹೆಚ್ಚಿಲ್ಲ. ಮರ, ಕಲ್ಲುಗಳ ಮುಂದೆಯೇ ಹೇಳಿ ಸುಮ್ಮನಾಗಿದ್ದರೆ ಹೊರಗಿರುತ್ತಿದ್ದ.

ಪ್ಯಾರಿಸ್ ಕೆರಳಿತು. ಪೋಪರ ಪರವಾಗಿ ಅಲ್ಲಿ ಮಾತಾಡಿದ ಫ್ರಾನ್ಸಿಸ್ಕನ್ ಮುಖ್ಯಸ್ಥ ಗಿರಾಲ್ ಓತ್‌ಗೆ ಗಲಾಟೆ ಎದುರಾಯಿತು. ರಾಜ 6ನೇ ಫಿಲಿಪ್ 1333ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ದೈವಶಾಸ್ತ್ರದ ಗುರುಗಳನ್ನು ವ್ಯಾಂಸೆನ್ ಕೋಟೆಗೆ ಕರೆಸಿ, ಸಂತರು ಕಾಣುತ್ತಿದ್ದಾರೋ ಇಲ್ಲವೋ ಎಂದು ಕೇಳಿದ. ಕಾಣುತ್ತಿದ್ದಾರೆ, ಈಗಲೇ, ಮುಖಾಮುಖಿ, ಎಂದು ಅವರು ಬರೆದು ಮುದ್ರೆ ಒತ್ತಿ ಕೊಟ್ಟರು. ಮೇಣದಬತ್ತಿಯ ಮುದುಕಿಯನ್ನು ಯಾರೂ ಕರೆಸಲಿಲ್ಲ. ಆದರೆ ಗುರುಗಳು ಸಹಿ ಹಾಕಿದ್ದು ಅವಳು ಎಂದೂ ಅನುಮಾನಿಸದಿದ್ದ ಮಾತಿಗೆ.

ನನಗೆ ಆ ಮುದಿ ಪೋಪರ ಬಗ್ಗೆ ಒಂದು ಬಗೆಯ ಪ್ರೀತಿ. ಅವರ ಹಣದ ಲೆಕ್ಕ, ಜಗಳಗಂಟತನ ಎಲ್ಲ ಗೊತ್ತಿದ್ದೂ. ಸಾವಿನ ಹೊಸ್ತಿಲಲ್ಲಿರುವವನು, ಕಣ್ಣು ಮುಚ್ಚಿದೊಡನೆ ಏನು ಕಾಣುತ್ತದೆ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪೇನಿದೆ? 1334ರ ಡಿಸೆಂಬರ್ 3ರಂದು ಅವರು ಕಾರ್ಡಿನಲ್‌ಗಳನ್ನು ಹಾಸಿಗೆಯ ಬಳಿಗೆ ಕರೆಸಿ ಮಾತು ಹಿಂತೆಗೆದುಕೊಂಡರು: ಶುದ್ಧರಾದ ಆತ್ಮಗಳು ಸ್ವರ್ಗದಲ್ಲಿ ದೇವರನ್ನು ಮುಖಾಮುಖಿಯಾಗಿ, ಸ್ಪಷ್ಟವಾಗಿ ನೋಡುತ್ತವೆ. ದೇಹ ಬಿಟ್ಟ ಆತ್ಮದ ಸ್ಥಿತಿ ಎಷ್ಟಕ್ಕೆ ಎಡೆಕೊಡುತ್ತದೋ ಅಷ್ಟು, ಎಂಬ ಒಂದು ಷರತ್ತನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮರುದಿನ ತೀರಿಕೊಂಡರು. ಅವರ ನಂತರ ಬಂದ 12ನೇ ಬೆನೆಡಿಕ್ಟ್ 1336ರ ಜನವರಿ 29ರಂದು ಹೊರಡಿಸಿದ ಅಧಿಕೃತ ಘೋಷಣೆಯಲ್ಲಿ ಆ ಷರತ್ತು ಇಲ್ಲ.